ಕಣ್ಣಿಗಿಟ್ಟ ಕಪ್ಪು, ಕಣ್ಣಡಿಯ ಕಪ್ಪು

(ಆಕಾಶವಾಣಿ ಭಾಷಣ)

ಕಣ್ಣಿನ ಕೆಳಗೆ ಕಟ್ಟುವ ಕಪ್ಪಿಗೆ ನಮ್ಮ ಮನೆಮಾತಿನಲ್ಲಿ ನೆಲೆನಿಂತ ನಾಮಪದವೊಂದಿಲ್ಲ. 'ಕಪ್ಪು ವರ್ತುಲ' ಎಂಬುದು ಇಂಗ್ಲಿಷ್ ಮಾತನ್ನು ಪದಕ್ಕೆ ಪದವಿಟ್ಟು ಪತ್ರಿಕೆಗಳು ಚಲಾವಣೆಗೆ ತಂದ ಪ್ರಯೋಗ. ನಮ್ಮಲ್ಲಿರುವುದು ಕ್ರಿಯಾಪದ. 'ಕಣ್ಣು ಗುಳಿಬಿದ್ದಿವೆ', 'ಕಣ್ಣು ಒಳಕ್ಕೆ ಹೋಗಿವೆ', 'ಕಣ್ಣಿನ ಸುತ್ತ ಕಪ್ಪುಗಟ್ಟಿದೆ' ಎನ್ನುತ್ತೇವೆ. ತೌರಿಗೆ ಬಂದ ಮಗಳನ್ನು ಹೊಸ್ತಿಲಿನಲ್ಲಿ ಕಾಣುತ್ತಲೇ ತಾಯಿ ಆಡುವ ಮೊದಲ ಮಾತುಗಳಲ್ಲಿ ಇದೂ ಒಂದು. ಆ ಮಾತು ಒಂಟಿಯಾಗಿ ಬರುವುದಿಲ್ಲ. ಬೆನ್ನಿಗೇ ಪ್ರಶ್ನೆ ಇರುತ್ತದೆ. 'ಯಾಕಮ್ಮ, ರಾತ್ರಿ ನಿದ್ದೆ ಮಾಡ್ತಿಲ್ವಾ? ಹೊತ್ತಿಗೆ ಸರಿಯಾಗಿ ಉಣ್ತೀಯಾ?' ಅಂದರೆ ನಮ್ಮ ಹಿರಿಯರಿಗೆ ಅದು ಮುಖದ ಮೇಲಿನ ಒಂದು ವಸ್ತುವಾಗಿರಲಿಲ್ಲ, ಶರೀರಕ್ಕೆ ಒದಗಿದ ಒಂದು ಸಂಗತಿಯಾಗಿತ್ತು. ನಾಮಪದವಾದ ಮೇಲೆಯೇ ಅದನ್ನು ತೆಗೆದುಹಾಕುವ ಲೇಪಗಳು ಅಂಗಡಿಗೆ ಬಂದದ್ದು ಎಂದರೆ ಭಾಷೆಯ ಮೇಷ್ಟರ ಅತಿಶಯೋಕ್ತಿಯೆನಿಸೀತು. ಆದರೂ ಆ ಮಾತಿನಲ್ಲಿ ಸತ್ಯಾಂಶವಿದೆಯೆಂಬುದನ್ನು ಚರಿತ್ರೆಯಿಂದ ತೋರಿಸಬಹುದು.

ನಾವೇ ಕಣ್ಣಿಗೆ ಇಟ್ಟುಕೊಳ್ಳುವ ಕಪ್ಪಿಗಾದರೋ ಹೆಸರುಗಳಿಗೆ ಬರವಿಲ್ಲ. ಕಾಡಿಗೆ, ಕಣ್ಕಪ್ಪು, ಕಜ್ಜಲ, ಅಂಜನ, ಸುರುಮ. ಒಂದು ಕಪ್ಪು ತಾನಾಗಿ ಬರುವುದು, ಇನ್ನೊಂದು ನಾವು ಬರೆದುಕೊಳ್ಳುವುದು. ಒಂದನ್ನು ಅಳಿಸಲು ಹಣ ತೆರುತ್ತೇವೆ, ಇನ್ನೊಂದನ್ನು ಹಚ್ಚಲು ಹಣ ತೆರುತ್ತೇವೆ. ಇವೆರಡರ ನಡುವಣ ಅಂತರ ಅರ್ಧ ಬೆರಳಿನಷ್ಟೂ ಇಲ್ಲ. ಇವುಗಳ ಚರಿತ್ರೆಯೂ ಹಾಗೆಯೇ ಒತ್ತೊತ್ತಾಗಿ ಸಾಗಿಬಂದಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾಗದು.

ಹಚ್ಚುವ ಕಪ್ಪಿನಿಂದಲೇ ತೊಡಗೋಣ. ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲಿ ಸತ್ತವರ ಬಳಿ ಇರಿಸಿದ ವಸ್ತುಗಳಲ್ಲಿ ಕಣ್ಕಪ್ಪಿನ ಭರಣಿಗಳೂ ಸೇರಿವೆ. ಆ ಕಪ್ಪು ಆಂಟಿಮನಿಯದೆಂದು ಬಹುಕಾಲ ನಂಬಲಾಗಿತ್ತು. ಪರೀಕ್ಷಿಸಿ ನೋಡಿದಾಗ ಅದರ ಬಹುಪಾಲು ಗೆಲೀನಾ, ಎಂದರೆ ಸೀಸವೂ ಗಂಧಕವೂ ಕೂಡಿದ ಹೊಳಪಿನ ಖನಿಜ ಎಂದು ತಿಳಿಯಿತು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಭರಣಿಗಳಲ್ಲಿ ಉಳಿದಿದ್ದ ಪುಡಿಯನ್ನು ವಿಶ್ಲೇಷಿಸಿ 1999ರಲ್ಲಿ ಪ್ರಕಟಿಸಿದ ವರದಿ ಇನ್ನೂ ಸ್ವಾರಸ್ಯವಾದುದು. ಅದರಲ್ಲಿದ್ದ ಸೀಸದ ಎರಡು ಲವಣಗಳು ನೆಲದಲ್ಲಿ ಹಾಗೆಯೇ ದೊರೆಯುವಂಥವಲ್ಲ. ಸೀಸದ ಭಸ್ಮವನ್ನು ಉಪ್ಪಿನೊಡನೆ ನೀರಿನಲ್ಲಿ ವಾರಗಟ್ಟಲೆ ಅರೆದು ತೊಳೆದು ಸಿದ್ಧಪಡಿಸಿದಂಥವು. ಬರಿಯ ಅಲಂಕಾರಕ್ಕಾಗಿ ಇಷ್ಟು ಶ್ರಮ ಏಕೆ? 2010ರಲ್ಲಿ ಅದೇ ದೇಶದ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಲವಣ ಅತಿ ಸ್ವಲ್ಪ ಪ್ರಮಾಣದಲ್ಲಿ ಚರ್ಮದ ಜೀವಕೋಶಕ್ಕೆ ತಗುಲಿದರೆ, ರೋಗವನ್ನು ಎದುರಿಸುವ ಶಕ್ತಿಯನ್ನು ಎಚ್ಚರಿಸುವ ನೈಟ್ರಿಕ್ ಆಕ್ಸೈಡು ಹೆಚ್ಚಾಗಿ ಹೊರಡುತ್ತದೆಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ನೈಲ್ ನದಿಯ ಪ್ರವಾಹ ಇಳಿದಾಗ ಹಬ್ಬುವ ಕಣ್ಣುಬೇನೆಗೆ ಅದು ಮದ್ದಾಗಿದ್ದಿರಬಹುದು. ಸೀಸ ವಿಷವೆಂಬುದು ಇದರಿಂದ ಸುಳ್ಳಾಗುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮಲ್ಲಿಯೂ ಅಂಜನ ಮೊದಲು ಔಷಧ, ಆಮೇಲೆ ಅಲಂಕಾರ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ, ಕತ್ತಿನಿಂದ ಮೇಲಣ ರೋಗಗಳನ್ನು ಕುರಿತ ವಿಭಾಗದ ಹೆಸರು 'ಶಾಲಾಕ್ಯ'. ಅಂಜನವನ್ನು ಹಚ್ಚುವ, ಕಣ್ಣನ್ನು ಸೋಧಿಸುವ ಕಡ್ಡಿ 'ಶಲಾಕೆ'ಯಿಂದ ಆ ಹೆಸರು ಬಂದಿದೆ. ಚರಕಸಂಹಿತೆ ದಿನಚರಿಯ ಭಾಗವಾಗಿ ಸೌವೀರಾಂಜನವನ್ನು ನಿತ್ಯವೂ ಹಚ್ಚಬೇಕೆನ್ನುತ್ತದೆ. ಮರದರಿಶಿನದ ಕಷಾಯವನ್ನು ಬತ್ತಿಸಿ ಮಾಡುವ ರಸಾಂಜನವನ್ನು ಐದು ಅಥವಾ ಎಂಟು ರಾತ್ರಿಗಳಿಗೊಮ್ಮೆ, ಕಣ್ಣಿನ ಕೊಳೆ ನೀರಾಗಿ ಹರಿದುಹೋಗಲೆಂದು ಹಚ್ಚಬೇಕಂತೆ. ಅದನ್ನು ಹಗಲಿನಲ್ಲಿ ಹಚ್ಚಕೂಡದು. ಸ್ರಾವದಿಂದ ಬಳಲಿದ ಕಣ್ಣು ಬಿಸಿಲನ್ನು ತಾಳಲಾರದು ಎಂದು ಎಚ್ಚರಿಕೆಯನ್ನೂ ಕೊಡುತ್ತದೆ. ಈ ವಿವೇಚನೆಯನ್ನು ಗಮನಿಸಬೇಕು. ಯಾವುದನ್ನು, ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿನಲ್ಲಿ ಹಚ್ಚಬೇಕೆಂಬುದು ಮೊದಲ ಪ್ರಶ್ನೆ, ಚೆಲುವು ಅನಂತರದ್ದು.

ಅರಬ್ಬರಲ್ಲಿಯೂ ಇದೇ ಕತೆ. ಅಂಜನಕ್ಕೆ ಅವರ ಮಾತು 'ಕುಹ್ಲ್'. ಕಣ್ಣಿನ ವೈದ್ಯನಿಗೆ 'ಕಹ್ಹಾಲ್', ಅಂದರೆ ಅಂಜನ ಹಚ್ಚುವವನು, ಎಂದೇ ಹೆಸರಾಯಿತು. ಬಾಗ್ದಾದಿನ ಅಲೀ ಇಬ್ನ್ ಈಸಾ ಎಂಬ ಕಹ್ಹಾಲ್ ಕಣ್ಣಿನ ರೋಗಗಳನ್ನು ಕುರಿತು ಬರೆದ ಗ್ರಂಥ ಶತಮಾನಗಳ ಕಾಲ ವೈದ್ಯರ ಕೈಪಿಡಿಯಾಗಿತ್ತು. ಒಂದು ನಾಡು ಕಣ್ಣಿನ ವೈದ್ಯಕ್ಕೆ ಕಡ್ಡಿಯ ಹೆಸರನ್ನಿಟ್ಟಿತು, ಇನ್ನೊಂದು ನಾಡು ಕಣ್ಣಿನ ವೈದ್ಯನಿಗೆ ಕಪ್ಪಿನ ಹೆಸರನ್ನಿಟ್ಟಿತು. ಪ್ರಸಕ್ತಿ ಬಂತೆಂದು ಹೇಳುತ್ತೇನೆ: ಈ 'ಅಲ್ ಕುಹ್ಲ್' ಎಂಬ ಮಾತೇ ಯೂರೋಪಿಗೆ ಹೋಗಿ ಮೊದಲು ನಯವಾದ ಪುಡಿಗೆ, ಬಳಿಕ ಯಾವುದೇ ವಸ್ತುವಿನಿಂದ ತೆಗೆದ ಸಾರಕ್ಕೆ, ಕೊನೆಗೆ ದ್ರಾಕ್ಷಾರಸದ ಸಾರಕ್ಕೆ ಹೆಸರಾಗಿ 'ಆಲ್ಕೊಹಾಲ್' ಎಂದಾಯಿತು. ಕಣ್ಣಿಗೆ ಹಚ್ಚುತ್ತಿದ್ದ ಪದಾರ್ಥದ ಹೆಸರು ಕಣ್ಣು ಕೆಂಪಾಗಿಸುವ ಪದಾರ್ಥಕ್ಕೆ ಅಂಟಿಕೊಂಡ ಬಗೆ ಇದು. ಶಬ್ದಗಳ ಪ್ರಯಾಣದಲ್ಲಿ ಇಂಥ ತಮಾಷೆಗಳು ಉಂಟು.

ಇನ್ನು ತಾನಾಗಿ ಬರುವ ಕಪ್ಪಿನ ಮಾತು. ಇದನ್ನು ಪ್ರಾಚೀನ ವೈದ್ಯರು ಹೇಗೆ ನೋಡಿದರು?

ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ರೋಗದ ಮುನ್ಸೂಚನೆಯನ್ನು ಕುರಿತದ್ದು ಒಂದಿದೆ. ಸಾವು ಸಮೀಪಿಸಿದವನ ಮುಖವನ್ನು ಅದು ಬಣ್ಣಿಸುತ್ತದೆ: ಮೂಗು ಮೊನಚಾಗಿದೆ, ಕಣ್ಣು ಗುಳಿಬಿದ್ದಿವೆ, ಕೆನ್ನೆಯ ಮೇಲುಭಾಗ ಕುಸಿದಿದೆ, ಮುಖದ ಬಣ್ಣ ಕಂದಿದೆ. ವೈದ್ಯಶಾಸ್ತ್ರ ಇಂದಿಗೂ ಇದನ್ನು 'ಹಿಪಾಕ್ರಟೀಸನ ಮುಖ' ಎಂದೇ ಕರೆಯುತ್ತದೆ. ನನಗೆ ಮುಖ್ಯವೆನಿಸುವುದು ಅನಂತರದ ಮಾತು. ಇಂಥ ಮುಖವನ್ನು ಕಂಡೊಡನೆ ವೈದ್ಯನು ಕೈಚೆಲ್ಲಬಾರದು. ಮೊದಲು ಮೂರು ಸಂಗತಿಗಳನ್ನು ವಿಚಾರಿಸಬೇಕು. ನಿದ್ದೆಗೆಟ್ಟಿದ್ದಾನೆಯೇ? ಹೊಟ್ಟೆ ಬಹಳವಾಗಿ ಹೋಗಿದೆಯೇ? ಹಸಿವಿನಿಂದ ಇದ್ದಾನೆಯೇ? ಇವುಗಳಲ್ಲಿ ಒಂದು ಹೌದಾದರೆ ಭಯ ಕಡಮೆ. ಒಂದು ಹಗಲು ಒಂದು ರಾತ್ರಿಯಲ್ಲಿ ಮುಖ ತಿಳಿಯಾಗುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಆ ಗ್ರಂಥ ಕೇಳಿಸುವ ಪ್ರಶ್ನೆಗಳಿಗೂ ಹೊಸ್ತಿಲಿನಲ್ಲಿ ನಿಂತ ತಾಯಿಯ ಪ್ರಶ್ನೆಗಳಿಗೂ ಬಹಳ ವ್ಯತ್ಯಾಸವಿಲ್ಲ.

ಸುಶ್ರುತನು ಕಣ್ಣಿನ ರೋಗಗಳನ್ನು 76 ಎಂದು ಎಣಿಸುತ್ತಾನೆ. ಅವುಗಳಲ್ಲಿ 21 ರೆಪ್ಪೆಗೆ ಸಂಬಂಧಿಸಿದವು. ಆ ಪಟ್ಟಿಯಲ್ಲಿ 'ಶ್ಯಾವವರ್ತ್ಮ' ಎಂಬುದೊಂದಿದೆ: ರೆಪ್ಪೆ ಒಳಗೂ ಹೊರಗೂ ಕಪ್ಪಾಗಿ ಊದಿಕೊಂಡು ನೋಯುವುದು. ಆದರೆ ನೋವಿಲ್ಲದ ಕಪ್ಪನ್ನು ಅವನು ಕಣ್ಣಿನ ರೋಗಗಳಲ್ಲಿ ಸೇರಿಸದೆ, ಕ್ಷುದ್ರರೋಗಗಳೆಂಬ ಸಣ್ಣಪುಟ್ಟ ಬೇನೆಗಳ ಅಧ್ಯಾಯದಲ್ಲಿ 'ವ್ಯಂಗ' ಎಂಬ ಹೆಸರಿನಲ್ಲಿ ಹೇಳುತ್ತಾನೆ. ವ್ಯಂಗವು ಕಣ್ಣಿನ ಕೆಳಗಷ್ಟೇ ಅಲ್ಲ, ಮುಖದಲ್ಲಿ ಎಲ್ಲಿಯಾದರೂ ಕಾಣಿಸುವ, ತೆಳುವಾದ, ನೋವಿಲ್ಲದ ಕಂದುಗಪ್ಪು ಮಂಡಲ. ಅದಕ್ಕೆ ಅವನು ಕೊಡುವ ಕಾರಣ ಎರಡು: ಕ್ರೋಧ ಮತ್ತು ಆಯಾಸ. ಅವುಗಳಿಂದ ಕೆರಳಿದ ವಾಯು ಪಿತ್ತದೊಡನೆ ಕೂಡಿ ಮುಖಕ್ಕೇರುತ್ತದೆಂಬುದು ವಿವರಣೆ. ವಾತಪಿತ್ತಗಳ ಲೆಕ್ಕಾಚಾರವನ್ನು ಇಂದಿನವರು ಒಪ್ಪಬಹುದು, ಬಿಡಬಹುದು. ಮುಖದ ಮೇಲಣ ಕಪ್ಪಿಗೆ ದುಡಿಮೆಯನ್ನೂ ಮನಸ್ಸಿನ ಕುದಿತವನ್ನೂ ಕಾರಣವಾಗಿ ಹೇಳಿದ್ದಂತೂ ಸಣ್ಣ ಮಾತಲ್ಲ.

ಕವಿಗಳೂ ಈ ಲಿಪಿಯನ್ನು ಬಲ್ಲವರೇ. ಕಾಳಿದಾಸನ ಮೇಘದೂತದ ಯಕ್ಷಪತ್ನಿಯ ಕಣ್ಣಿನಲ್ಲಿ ಅಂಜನದ ಜಿಡ್ಡಿಲ್ಲ. ಪತಿ ದೂರವಿರುವಾಗ ಅಲಂಕಾರ ಸಲ್ಲದೆಂಬ ಸಂಪ್ರದಾಯ ಒಂದು ಕಡೆ ಇರಲಿ. ಅಳುವಿನಿಂದ ಊದಿದ ಕಣ್ಣನ್ನು ಮರೆಮಾಡುವ ಬಣ್ಣವೂ ಅವಳಿಗಿಲ್ಲ. ಜಯದೇವನ ಗೀತಗೋವಿಂದದಲ್ಲಿ ಇದಕ್ಕೆ ತಿರುಗುಮುರುಗಾದ ಚಿತ್ರ ಬರುತ್ತದೆ. ಬೆಳಗಿನ ಹೊತ್ತು ಬಂದು ನಿಂತ ಕೃಷ್ಣನ ತುಟಿಯ ಮೇಲೆ ಬೇರೊಬ್ಬಳ ಕಣ್ಣಿನ ಕಾಡಿಗೆ, ಕಣ್ಣಿನಲ್ಲಿ ರಾತ್ರಿಯ ಜಾಗರದ ಕೆಂಪು. ರಾಧೆ ಸಾಕ್ಷಿಯನ್ನು ಬೇರೆ ಹುಡುಕಬೇಕಾಗಲಿಲ್ಲ. ಕಾವ್ಯದಲ್ಲಿ ಕಣ್ಣು ತನ್ನ ಮಾಲೀಕನ ಪರವಾಗಿ ಸುಳ್ಳು ಹೇಳುವುದಿಲ್ಲ. ಶಿಲ್ಪಿಗಳು ಮಾತ್ರ ಸುಖದ ಗಳಿಗೆಯನ್ನೇ ಹಿಡಿದರು. ಖಜುರಾಹೋದ ಪಾರ್ಶ್ವನಾಥ ದೇವಾಲಯದ ಗೋಡೆಯಲ್ಲಿ ಕಡ್ಡಿ ಹಿಡಿದು ಕಣ್ಣಿಗೆ ಕಪ್ಪಿಡುತ್ತಿರುವ ಅಪ್ಸರೆ ಇದ್ದಾಳೆ. ನಿದ್ದೆಗೆಟ್ಟ ಅಪ್ಸರೆಯನ್ನು ಯಾರೂ ಕಡೆದಂತೆ ಕಾಣೆ.

ಕಣ್ಣಡಿಯ ಕಪ್ಪನ್ನು ಓದಿದ್ದರಿಂದ ಲಕ್ಷಾಂತರ ಜೀವ ಉಳಿದ ಪ್ರಸಂಗವೊಂದಿದೆ. ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಿತು. ರೋಗಿಯ ಮುಖ ಕೆಲವೇ ಗಂಟೆಗಳಲ್ಲಿ ಗುರುತು ಸಿಗದಂತಾಗುತ್ತಿತ್ತು. ಕಣ್ಣು ಗುಳಿಯೊಳಕ್ಕೆ ಇಳಿದು ಸುತ್ತಲೂ ಕಪ್ಪುಗಟ್ಟುತ್ತಿತ್ತು, ಮೈ ನೀಲಿಯಾಗುತ್ತಿತ್ತು. ಆ ಕಾಲದ ವೈದ್ಯರಲ್ಲಿ ಬಹುಮಂದಿ ರೋಗಿಯ ರಕ್ತವನ್ನು ಹೊರಕ್ಕೆ ತೆಗೆದು, ಭೇದಿ ಕೊಟ್ಟು, ಇದ್ದ ಪ್ರಾಣವನ್ನೂ ಬರಿದುಮಾಡುತ್ತಿದ್ದರು. ಸಂಡರ್‌ಲೆಂಡ್ ಊರಿಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿದ ವಿಲಿಯಂ ಓಷಾನೆಸಿ ಎಂಬ ಐರ್ಲೆಂಡಿನ ತರುಣ ವೈದ್ಯ, ಅವರ ರಕ್ತ ನೀರನ್ನೂ ಲವಣವನ್ನೂ ಕಳೆದುಕೊಂಡು ಮಂದವಾಗಿದೆ ಎಂದು ಸಾರಿದ. ಮುಂದೆ ಇದೇ ಓಷಾನೆಸಿ ಕಲ್ಕತ್ತೆಗೆ ಬಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದ, ಭಾರತದ ತಂತಿ ಟಪಾಲಿನ ಜಾಲವನ್ನು ಹಾಸಿದ. ಅದು ಬೇರೆಯ ಕತೆ. ಅವನ ಮಾತನ್ನು ಕೈಗೂಡಿಸಿ ನೋಡಿದವನು ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಾಟಾ. 1832ರ ಮೇ ತಿಂಗಳಲ್ಲಿ, ಎಲ್ಲರೂ ಆಸೆ ಬಿಟ್ಟಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಅವನು ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಹರಿಸತೊಡಗಿದ. ಕುಸಿದಿದ್ದ ಕಣ್ಣು ಮೇಲೆದ್ದು ಮುಖಕ್ಕೆ ಕಳೆ ಬಂದದ್ದನ್ನು ಅವನೇ ಬರೆದಿಟ್ಟಿದ್ದಾನೆ. ಅರ್ಧ ಗಂಟೆಯಲ್ಲಿ ಆರು ಪೈಂಟು ನೀರು ಹೋಗಿತ್ತು. ವೃದ್ಧೆ ಗಟ್ಟಿಯಾದ ದನಿಯಲ್ಲಿ ತನಗೆ ನೋವಿಲ್ಲವೆಂದಳು. ಲಾಟಾ ಅವಳನ್ನು ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ಹೊರಟುಹೋದ. ಭೇದಿ ಮರುಕಳಿಸಿತು, ಮತ್ತೆ ನೀರು ಕೊಡಲಿಲ್ಲ, ಕೆಲವು ಗಂಟೆಗಳಲ್ಲಿ ಅವಳು ತೀರಿಕೊಂಡಳು. ಮುಂದಿನ ವರ್ಷವೇ ಲಾಟಾ ಕೂಡ ತೀರಿಹೋದ. ಈ ಚಿಕಿತ್ಸೆ ಮತ್ತೆ ನೆಲೆಗೊಳ್ಳಲು ಬಹುಕಾಲ ಹಿಡಿಯಿತು.

ಇದರ ಮುಂದಿನ ಅಧ್ಯಾಯ ನಮ್ಮ ದೇಶದ್ದು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರು ಬಂಗಾಳದ ಗಡಿಯ ಬನಗಾಂವಿನಲ್ಲಿ ಕಿಕ್ಕಿರಿದಿದ್ದರು. ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂತು. ಆಗ ದಿಲೀಪ್ ಮಹಾಲನಾಬಿಸ್ ಎಂಬ ವೈದ್ಯರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ, ಬಂಧುಗಳ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕೂ ಕಡಮೆಯಾಯಿತು. ಭೇದಿಯಾಗುತ್ತಿರುವ ಮಗುವಿನಲ್ಲಿ ಏನನ್ನು ನೋಡಬೇಕೆಂದು ಇಂದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಕಲಿಸುವ ಗುರುತುಗಳಲ್ಲಿ 'ಗುಳಿಬಿದ್ದ ಕಣ್ಣು' ಸೇರಿದೆ. ಅದನ್ನು ಕಂಡವಳು ಕಣ್ಣಿಗೆ ಏನನ್ನೂ ಹಚ್ಚುವುದಿಲ್ಲ. ಬಾಯಿಗೆ ನೀರು ಹಾಕುತ್ತಾಳೆ.

ಇದು ಅತ್ಯಂತ ತೀವ್ರವಾದ ಉದಾಹರಣೆ. ನಮ್ಮ ನಿಮ್ಮ ಕಣ್ಣಡಿಯಲ್ಲಿ ಕಾಣುವ ಕಪ್ಪು ಸಾಮಾನ್ಯವಾಗಿ ಪ್ರಾಣಕ್ಕೆ ಸಂಬಂಧಿಸಿದ್ದಲ್ಲ. ಅಲ್ಲಿಯೇ ಏಕೆ ಅದು ಕಾಣಿಸಿಕೊಳ್ಳುತ್ತದೆಂಬುದಕ್ಕೆ ಉತ್ತರ ಸರಳ. ಶರೀರದಲ್ಲೆಲ್ಲ ಅತಿ ತೆಳುವಾದ ತೊಗಲು ರೆಪ್ಪೆಯದು, ಸುಮಾರು ಅರ್ಧ ಮಿಲಿಮೀಟರು. ಅದರಡಿಯಲ್ಲಿ ಕೊಬ್ಬಿನ ಪದರ ಇಲ್ಲವೆಂಬಷ್ಟು ಕಡಮೆ. ಒಳಗಿನ ಸ್ನಾಯುವೂ ಸಿರೆಗಳೂ ತೆಳುಬಟ್ಟೆಯ ಹಿಂದಣ ದೀಪದಂತೆ ಹೊರಕ್ಕೆ ತೋರುತ್ತವೆ. ಆದುದರಿಂದ ಇಲ್ಲಿ ಕಪ್ಪು ಮೂರು ದಾರಿಗಳಲ್ಲಿ ಬರುತ್ತದೆ: ತೊಗಲಿನಲ್ಲಿ ವರ್ಣದ್ರವ್ಯ ಹೆಚ್ಚಾಗಿ, ಸಿರೆಗಳಲ್ಲಿ ರಕ್ತ ನಿಂತು, ಅಥವಾ ವಯಸ್ಸಿನೊಡನೆ ಕೆಳರೆಪ್ಪೆಯ ಕೆಳಗೆ ಹಳ್ಳವಾಗಿ ಅಲ್ಲಿ ನೆರಳು ಬಿದ್ದು. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯ ತೊಗಲನ್ನು ಬೆರಳಿನಿಂದ ಮೆಲ್ಲಗೆ ಎಳೆದರೆ ನೆರಳು ಮಾಯವಾಗುತ್ತದೆ, ವರ್ಣ ಇದ್ದಂತೆಯೇ ಇರುತ್ತದೆ, ಸಿರೆಯ ನೀಲಿ ಇನ್ನಷ್ಟು ಎದ್ದು ಕಾಣುತ್ತದೆ. ವೈದ್ಯರು ಮಾಡುವ ಮೊದಲ ಪರೀಕ್ಷೆಗಳಲ್ಲಿ ಇದೂ ಒಂದು. ಬಹಳ ಜನರಲ್ಲಿ ಮೂರೂ ಬೆರೆತಿರುತ್ತವೆ.

ಈ ಕಾರಣಗಳನ್ನು ವಿಂಗಡಿಸುವ ಕೆಲಸ ನಡೆದದ್ದು ತೀರ ಈಚೆಗೆ. 1966ರಲ್ಲಿ ಅಮೆರಿಕದ ಮಕ್ಕಳ ವೈದ್ಯಪತ್ರಿಕೆಯಲ್ಲಿ ಬಂದ ಲೇಖನವೊಂದು, ಒಗ್ಗದಿಕೆಯಿಂದ ಸದಾ ಮೂಗು ಕಟ್ಟಿಕೊಳ್ಳುವ ಮಕ್ಕಳ ಕಣ್ಣಡಿ ಗುದ್ದು ತಿಂದಂತೆ ಕಪ್ಪಾಗುವುದನ್ನು ವಿವರಿಸಿತು. ಮೂಗಿನೊಳಗೆ ಊತವಾದಾಗ ಕೆಳರೆಪ್ಪೆಯಿಂದ ಮರಳಬೇಕಾದ ರಕ್ತ ಸಿರೆಗಳಲ್ಲಿಯೇ ತಂಗುತ್ತದೆ. ಸಾಲದ್ದಕ್ಕೆ ಮಗು ನವೆಯಿಂದ ಕಣ್ಣನ್ನು ಉಜ್ಜುತ್ತದೆ; ಉಜ್ಜಿದಷ್ಟೂ ವರ್ಣ ಹೆಚ್ಚುತ್ತದೆ. ಇಂಥ ಮಗುವಿಗೆ 'ಸರಿಯಾಗಿ ನಿದ್ದೆ ಮಾಡು' ಎಂದು ಗದರಿಸಿ ಫಲವಿಲ್ಲ. 1969ರಲ್ಲಿ ಇನ್ನಿಬ್ಬರು ವೈದ್ಯರು, ಒಂದೇ ಕುಟುಂಬದ ತಲೆಮಾರುಗಳಲ್ಲಿ ಈ ಕಪ್ಪು ಇಳಿದುಬಂದದ್ದನ್ನು ತೋರಿಸಿ, ಇದು ಅಲಕ್ಷ್ಯಕ್ಕೀಡಾದ ವಂಶಗುಣವೆಂದರು. ಇಲ್ಲಿ ನಮ್ಮ ಪ್ರಾಚೀನರನ್ನೂ ಮನೆಯ ತಾಯಂದಿರನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಎಲ್ಲ ಕಪ್ಪಿಗೂ ದುಃಖವೇ ಕಾರಣವಲ್ಲ. ಅಜ್ಜಿಯ ಮೂಗಿನಂತೆ ಅಜ್ಜಿಯ ಕಣ್ಣಡಿಯ ಕಪ್ಪೂ ಮೊಮ್ಮಗಳಿಗೆ ಬರುತ್ತದೆ. ಹಾಯಾಗಿ ಉಂಡು ಮಲಗುವ ಹುಡುಗಿಯನ್ನು ಕಂಡು 'ಪಾಪ, ಏನು ಸಂಕಟವೋ' ಎಂದು ಮರುಗಿದರೆ ಅವಳಿಗೆ ಆಗುವ ಬೇಸರವೇ ನಿಜವಾದ ಸಂಕಟ.

ಭಾರತದ ಚರ್ಮವೈದ್ಯರ ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ 200 ಮಂದಿಯನ್ನು ಪರೀಕ್ಷಿಸಿತು. ಅವರಲ್ಲಿ ನೂರಕ್ಕೆ 81 ಮಂದಿ ಹೆಂಗಸರು. ಮನೆಯಲ್ಲಿ ಇನ್ನೊಬ್ಬರಿಗೂ ಹೀಗೆಯೇ ಇದೆಯೆಂದವರು ನೂರಕ್ಕೆ 63. ಮನಸ್ಸಿನ ಒತ್ತಡ ಕಂಡುಬಂದದ್ದು 71 ಪಾಲಿನಲ್ಲಿ. ನಿದ್ದೆ ಸಾಲದವರು 40. ಕಣ್ಣುಜ್ಜುವ ಚಾಳಿಯವರು 32ಕ್ಕಿಂತ ತುಸು ಹೆಚ್ಚು. ಆ ಹೆಂಗಸರಲ್ಲಿ ಗೃಹಿಣಿಯರೇ ಹೆಚ್ಚು ಎಂಬ ವಿವರವನ್ನು ಓದುವಾಗ ಸುಶ್ರುತನ 'ಆಯಾಸ' ಎಂಬ ಶಬ್ದ ನೆನಪಾಗದಿರದು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳೂ ಎಲ್ಲರ ಅನಂತರ ಮಲಗುವವಳೂ ಒಬ್ಬಳೇ ಆಗಿರುವ ನಾಡು ನಮ್ಮದು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವಳೂ ಅವಳೇ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ರಕ್ತ ಕಡಮೆಯಾಗಿ ಮುಖ ಬಿಳಿಚಿಕೊಂಡರೆ ಕಣ್ಣಡಿಯ ಸಿರೆಗಳು ಇನ್ನಷ್ಟು ಕಪ್ಪಾಗಿ ತೋರುತ್ತವೆ. ರಕ್ತಹೀನತೆಯೇ ಎಲ್ಲ ಕಪ್ಪಿಗೂ ಮೂಲವೆಂದು ವೈದ್ಯರು ಹೇಳುವುದಿಲ್ಲ. ವಿಚಾರಿಸದೆ ಬಿಡಬಾರದ ಕಾರಣ ಎನ್ನುತ್ತಾರೆ.

ವಿಚಾರಿಸುವ ಈ ಪದ್ಧತಿ ಹಿಂದೆ ಸರಿದು ಅಳಿಸುವ ಪದ್ಧತಿ ಮುಂದೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಚಲನಚಿತ್ರವೂ ಒಂದು ಕಾರಣ. ಮೂಕಿಚಿತ್ರಗಳ ಕಾಲದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪೆಲ್ಲವೂ ತೆರೆಯ ಮೇಲೆ ಕಪ್ಪಾಗುತ್ತಿತ್ತು. ಕಣ್ಣಡಿಯ ನಸುಗೆಂಪು ಅಲ್ಲಿ ಮಸಿಯಾಗಿ ಮೂಡುತ್ತಿತ್ತು. 1915ರಲ್ಲಿ ಹೆಸರಾದ ನಟಿ ಥೀಡಾ ಬಾರಾಳಂಥವರು ಕಣ್ಣಿನ ಸುತ್ತ ಬೇಕೆಂದೇ ದಟ್ಟವಾಗಿ ಕಪ್ಪು ಬಳಿದುಕೊಂಡು ಮೋಹಿನಿಯರಾದರು. ಮಿಕ್ಕವರು ಬಣ್ಣದ ಲೇಪದಿಂದ ಅದನ್ನು ಮುಚ್ಚಿಕೊಂಡರು. ತೆರೆಗಾಗಿ ಹುಟ್ಟಿದ ಲೇಪಗಳು ಸ್ವಲ್ಪ ಕಾಲದಲ್ಲಿಯೇ ಮನೆಗಳಿಗೆ ಬಂದವು. ಮುಚ್ಚುವುದರಿಂದ ಅಪಾಯವೇನೂ ಇಲ್ಲ. ರಾತ್ರಿ ತೊಳೆದರೆ ಹೋಯಿತು. ಅಪಾಯ ಬಂದದ್ದು ಕಪ್ಪನ್ನೇ ಬಿಳಿದುಮಾಡಲು ಹೊರಟಾಗ.

1939ರಲ್ಲಿ ಅಮೆರಿಕದಿಂದ ಒಂದು ವಿಚಿತ್ರ ವರದಿ ಬಂತು. ಚರ್ಮ ಹದಮಾಡುವ ಕಾರ್ಖಾನೆಯೊಂದರ ಕರಿಯ ಕೆಲಸಗಾರರ ಕೈಗಳು ಬೆಳ್ಳಗಾಗಿದ್ದವು. ಅವರು ತೊಡುತ್ತಿದ್ದ ರಬ್ಬರಿನ ಕೈಗವಸಿನಲ್ಲಿ ಬೆರೆಸಿದ್ದ ಹೈಡ್ರೋಕ್ವಿನೋನ್ ವರ್ಗದ ರಾಸಾಯನಿಕವೊಂದು ವರ್ಣವನ್ನು ನುಂಗಿಹಾಕಿತ್ತು. ಕೆಲಸಗಾರರಿಗೆ ಒದಗಿದ ಈ ಕೇಡು ಇನ್ನೊಬ್ಬರಿಗೆ ಉಪಾಯವಾಗಿ ಹೊಳೆಯಿತು. ಹೈಡ್ರೋಕ್ವಿನೋನ್ ಬೆರೆಸಿದ ಬಿಳುಪಿನ ಲೇಪಗಳು ದೇಶದೇಶಗಳಲ್ಲಿ ಹರಡಿದವು. ವೈದ್ಯರ ಕಣ್ಗಾವಲಿನಲ್ಲಿ, ಮಿತವಾಗಿ, ಮಿತಕಾಲ ಬಳಸಿದರೆ ಅದು ಒಳ್ಳೆಯ ಮದ್ದೇ. ಅಂಗಡಿಯಿಂದ ತಂದು ವರ್ಷಗಟ್ಟಲೆ ತಿಕ್ಕಿದವರ ಗತಿ ಬೇರೆಯಾಯಿತು. 1975ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ವರದಿ ಮಾಡಿದರು: ಬೆಳ್ಳಗಾಗಲು ಹಚ್ಚಿದ ಹೆಂಗಸರ ಕೆನ್ನೆಯಲ್ಲಿಯೂ ಕಣ್ಣಿನ ಸುತ್ತಲೂ ನೀಲಗಪ್ಪು ಮಚ್ಚೆಗಳು ಮೂಡಿವೆ, ಅವು ಹೋಗುವಂತೆ ಕಾಣುವುದಿಲ್ಲ. ಆ ದೇಶ 1990ರಲ್ಲಿ ಸೌಂದರ್ಯಸಾಧನಗಳಲ್ಲಿ ಅದನ್ನು ನಿಷೇಧಿಸಿತು.

ನಮ್ಮಲ್ಲಿ ಇದಕ್ಕೆ ಜೊತೆಯಾದದ್ದು ಸ್ಟೀರಾಯ್ಡ್ ಬೆರೆತ ಮುಲಾಮು. ಒಬ್ಬರಿಗೆ ಇಸುಬಿಗೆಂದು ಬರೆದುಕೊಟ್ಟದ್ದನ್ನು ಇನ್ನೊಬ್ಬರು ಕಣ್ಣಡಿಗೆ ಹಚ್ಚುವುದು, ಔಷಧದಂಗಡಿಯವನ ಸಲಹೆಯೇ ವೈದ್ಯನ ಚೀಟಿಯಾಗುವುದು, ಇವೆಲ್ಲ ನಮ್ಮ ಊರುಗಳಲ್ಲಿ ದಿನನಿತ್ಯದ ನೋಟ. ಮೊದಲ ವಾರಗಳಲ್ಲಿ ಮುಖ ಬೆಳಗುತ್ತದೆ. ಆಮೇಲೆ, ಮೊದಲೇ ತೆಳುವಾದ ತೊಗಲು ಇನ್ನೂ ತೆಳುವಾಗಿ ಸಿರೆಗಳು ಎದ್ದು ಕಾಣುತ್ತವೆ. ಬಹುಕಾಲ ಕಣ್ಣಿನ ಬಳಿ ಬಳಸಿದರೆ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಗೇ ಸಂಚಕಾರ ಬರಬಹುದು, ಪೊರೆಯೂ ಬೆಳೆಯಬಹುದು. ಚರ್ಮವೈದ್ಯರ ಒತ್ತಾಯದ ಮೇಲೆ ಸರ್ಕಾರ 2018ರಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ವಿಧಿ ಕಾಗದದ ಮೇಲಿದೆ. ಅಂಗಡಿಯ ಗಲ್ಲಾದವರೆಗೆ ಅದು ಇನ್ನೂ ಪೂರ್ತಿಯಾಗಿ ನಡೆದುಹೋಗಿಲ್ಲ.

ಹಚ್ಚುವ ಕಪ್ಪಿನ ಸಾಲವೊಂದು ಬಾಕಿಯಿದೆ. ಸೀಸದ ಸುರುಮ. 1968ರಲ್ಲಿಯೂ ಮತ್ತೆ 1978ರಲ್ಲಿಯೂ ಬ್ರಿಟನ್ನಿನ ವೈದ್ಯಪತ್ರಿಕೆ, ಅಲ್ಲಿ ನೆಲಸಿದ್ದ ಏಷ್ಯದ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಸೇರಿದ್ದನ್ನು ವರದಿ ಮಾಡಿತು. ಕಾರಣ ಕಣ್ಣಿಗೆ ಹಚ್ಚಿದ ಸುರುಮ. ತೊಗಲಿನ ಮೂಲಕ ಸೀಸ ಹೆಚ್ಚಾಗಿ ಇಳಿಯುವುದಿಲ್ಲ. ಮಗು ಕಣ್ಣುಜ್ಜಿದ ಬೆರಳನ್ನು ಬಾಯಿಗಿಡುತ್ತದೆ. ಸೀಸ ಎಳೆಯ ಮೆದುಳಿಗೆ ಮಾಡುವ ಹಾನಿ ಸರಿಪಡಿಸಲಾಗದ್ದು. ನಮ್ಮ ದೇಶದ ಕಾನೂನು ಸೌಂದರ್ಯಸಾಧನಗಳ ಬಣ್ಣಕ್ಕಾಗಿ ಸೀಸವನ್ನು ಬಳಸಕೂಡದೆನ್ನುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಡಬ್ಬಿಗಳಲ್ಲಿ ಮಾರುವ ಹೊಳಪಿನ ಪುಡಿಗೆ ಕಾನೂನಿನ ಅಂಜಿಕೆ ಇಲ್ಲ.

ನಮ್ಮ ಮನೆಗಳ ಕಾಡಿಗೆ ಬೇರೆಯ ಜಾತಿ. ಬಿಳಿಬಟ್ಟೆಯನ್ನು ನಂದಿಬಟ್ಟಲು ಹೂವಿನ ಅಥವಾ ಯಾವುದಾದರೂ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಟ್ಟೆ ಕವುಚಿ ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸುವುದು. ಇದರಲ್ಲಿ ಸೀಸದ ಖನಿಜವಿಲ್ಲ. ಆದರೂ ಇಂದಿನ ಮಕ್ಕಳ ವೈದ್ಯರು ಎಳೆಗೂಸಿನ ಕಣ್ಣಿಗೆ ಇದನ್ನೂ ಬೇಡವೆನ್ನುತ್ತಾರೆ. ಹಚ್ಚುವವರ ಬೆರಳಿನ ಸೋಂಕು ಕಣ್ಣಿಗೆ ತಗುಲೀತು, ಕಣ್ಣೀರು ಇಳಿಯುವ ಸಣ್ಣ ನಾಳ ಕಟ್ಟೀತು ಎಂಬ ಕಾರಣಕ್ಕೆ. ಅಜ್ಜಿಯರು ಒಪ್ಪುವುದು ಕಷ್ಟ. ಕೆನ್ನೆಗೋ ಅಂಗಾಲಿಗೋ ದೃಷ್ಟಿಬೊಟ್ಟಿಟ್ಟು ರಾಜಿಯಾಗಬಹುದು.

ಚಿಕಿತ್ಸೆಯೇನು ಎಂದು ಕೇಳುವವರಿಗೆ ವೈದ್ಯರು ಹೇಳುವುದು ಕಾರಣಕ್ಕೆ ತಕ್ಕಂತೆ ಬೇರೆಬೇರೆ. ಮೂಗು ಕಟ್ಟುವವರಿಗೆ ಒಗ್ಗದಿಕೆಯ ಮದ್ದು. ರಕ್ತ ಪರೀಕ್ಷಿಸಿ ಕಬ್ಬಿಣದಂಶ ಕಡಮೆಯಿದ್ದರೆ ಅದರ ಗುಳಿಗೆ. ವರ್ಣ ಹೆಚ್ಚಿದ್ದರೆ ಬಿಸಿಲಿನಿಂದ ಮರೆ, ಉಜ್ಜದಿರುವುದು, ಬೇಕಾದರೆ ಚರ್ಮವೈದ್ಯರು ಕೊಡುವ ಲೇಪ. ಸೌತೆಕಾಯಿಯ ಬಿಲ್ಲೆ, ತಣ್ಣನೆಯ ಚಹದ ಪೊಟ್ಟಣ ಇವುಗಳ ಗುಣ ತಂಪಿನದು. ತಂಪಿಗೆ ಸಿರೆಗಳು ಕುಗ್ಗಿ ಸ್ವಲ್ಪ ಹೊತ್ತು ಕಣ್ಣು ತಿಳಿಯಾಗುತ್ತದೆ, ಸಂಜೆಗೆ ಮತ್ತೆ ಯಥಾಪ್ರಕಾರ. ವಯಸ್ಸಿನ ಹಳ್ಳವನ್ನು ಸೂಜಿಮದ್ದಿನಿಂದ ತುಂಬಿಸುವ ವಿದ್ಯೆ ನಗರಗಳಲ್ಲಿ ಬಂದಿದೆ. ಸೂಜಿ ತಪ್ಪಿ ರಕ್ತನಾಳಕ್ಕೆ ಹೊಕ್ಕರೆ, ಅಪರೂಪಕ್ಕಾದರೂ, ದೃಷ್ಟಿ ಹೋದದ್ದುಂಟು. ವಂಶದಿಂದ ಬಂದುದಕ್ಕೆ ಯಾರೂ ಹೆಚ್ಚಿನ ಭರವಸೆ ಕೊಡಲಾರರು. ನಿದ್ದೆಗೆಟ್ಟು ಬಂದುದಕ್ಕೆ ಹಿಪಾಕ್ರಟೀಸನ ಗ್ರಂಥ ಹೇಳಿದ ಅವಧಿ ಸ್ವಲ್ಪ ಕಡಮೆಯಾದೀತು, ಮದ್ದಂತೂ ಅದೇ. ಆದರೆ ಆ ಹೆಂಗಸಿಗೆ ರಾತ್ರಿ ಎಂಟು ಗಂಟೆಗಳ ನಿದ್ದೆ ಸಿಗಬೇಕಾದರೆ ಬೆಳಗಿನ ಒಲೆಯನ್ನು ಮನೆಯಲ್ಲಿ ಇನ್ನೊಬ್ಬರು ಹಚ್ಚಬೇಕಾಗುತ್ತದೆ. ಔಷಧದಂಗಡಿಯಲ್ಲಿ ಸಿಗದ ಚಿಕಿತ್ಸೆ ಅದು.

2014ರ ಆ ಅಧ್ಯಯನದಲ್ಲಿ ಇನ್ನೊಂದು ಸಣ್ಣ ಅಂಕಿಯಿದೆ. ಪರೀಕ್ಷಿಸಿದವರಲ್ಲಿ ನೂರಕ್ಕೆ 12 ಮಂದಿಗೆ ದೃಷ್ಟಿದೋಷವಿತ್ತು, ಅದನ್ನು ಸರಿಪಡಿಸಿಕೊಂಡಿರಲಿಲ್ಲ. ಅವರು ಚರ್ಮವೈದ್ಯರ ಬಳಿಗೆ ಬಂದಿದ್ದರು. ಹೋಗಬೇಕಾಗಿದ್ದುದು ಕನ್ನಡಕದವರ ಬಳಿಗೆ.